ನೆಲದಿಂದ ನೆತ್ತಿಯವರೆಗೆ: ಯೋಗಪಾಠದಲ್ಲಿ ಚಕ್ರಗಳನ್ನು ಕಲಿಸುವ ಕ್ರಮ

ಶಿರಸಿಯ ನಮ್ಮ ತರಗತಿಗೆ ಬರುವವರಲ್ಲಿ ಹೆಚ್ಚಿನವರು ತೋಟದ ಮನೆಗಳ ಹೆಂಗಸರು. ಸುಗ್ಗಿಯ ದಿನಗಳಲ್ಲಿ ಮೆಟ್ಟುಗತ್ತಿಯ ಮೇಲೆ ತಡರಾತ್ರಿಯವರೆಗೆ ಕುಳಿತು ಅಡಿಕೆ ಸುಲಿದು, ಬಿಗಿದ ಸೊಂಟ ಮತ್ತು ಕುತ್ತಿಗೆಯೊಂದಿಗೆ ಬೆಳಗಿನ ಆರು ಗಂಟೆಗೆ ಬಂದು ಕೂರುತ್ತಾರೆ. ಅವರಲ್ಲಿ ಯಾರಾದರೊಬ್ಬರು ಆಗಾಗ ಕೇಳುವ ಪ್ರಶ್ನೆ ಒಂದೇ: "ಅಕ್ಕೋರೆ, ನಂದು ಯಾವ ಚಕ್ರ ಮುಚ್ಚಿದೆ?" ಮೊಬೈಲಿನಲ್ಲಿ ನೋಡಿದ್ದು, ಗೋಕರ್ಣದ ಕಡೆಯ ಯಾವುದೋ ಶಿಬಿರದ ಗೋಡೆಯ ಮೇಲೆ ಕಂಡದ್ದು, ನೆಂಟರು ಹೇಳಿದ್ದು ಎಲ್ಲವೂ ಆ ಪ್ರಶ್ನೆಯೊಳಗೆ ಸೇರಿರುತ್ತವೆ. ಈ ಪ್ರಶ್ನೆಗೆ ನೇರ ಉತ್ತರ ಕೊಡಲು ಹೊರಡುವ ಶಿಕ್ಷಕರು ಅಲ್ಲಿಯೇ ದಾರಿ ತಪ್ಪುತ್ತಾರೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಚಕ್ರವೆಂದರೆ ಗಮನವನ್ನು ನಿಲ್ಲಿಸುವ ನೆಲೆ, ಧಾರಣೆಯ ಸ್ಥಾನ. ಅದು ರೋಗದ ಹೆಸರಲ್ಲ. ಈ ತಿಳಿವಳಿಕೆಯಿಂದ ಹೊರಟರೆ ಚಕ್ರಗಳನ್ನು ತರಗತಿಗೂ ಆರೈಕೆಗೂ ಹೇಗೆ ತರಬಹುದು ಎಂಬುದನ್ನು ನಾನು ಕಲಿಸುತ್ತ ಕಂಡುಕೊಂಡ ಕ್ರಮದಲ್ಲಿಯೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಶಿಕ್ಷಕರ ಓದು

ಕಲಿಸುವವರು ಮೊದಲು ತಿಳಿಯಬೇಕಾದದ್ದು, ಚಕ್ರಗಳ ವಿವರ ಪರಂಪರೆಯಲ್ಲಿ ಒಂದೇ ಬಗೆಯಾಗಿಲ್ಲ ಎಂಬುದು. ಪತಂಜಲಿಯ ಯೋಗಸೂತ್ರದಲ್ಲಿ ನಾಭಿಚಕ್ರದ ಮಾತು ಒಮ್ಮೆ ಬರುತ್ತದೆ. ಆರು ಅಥವಾ ಏಳು ಚಕ್ರಗಳ ಪಟ್ಟಿ ಅಲ್ಲಿಲ್ಲ. ಬೌದ್ಧ ತಂತ್ರಗಳಲ್ಲಿ ನಾಲ್ಕೇ ಚಕ್ರಗಳನ್ನು ಹೇಳುವ ಕ್ರಮವೂ ಉಂಟು. ಬೆನ್ನಿನ ಬುಡದ ಮೂಲಾಧಾರ, ಕಿಬ್ಬೊಟ್ಟೆಯ ಸ್ವಾಧಿಷ್ಠಾನ, ನಾಭಿಯ ಮಣಿಪೂರ, ಎದೆಯ ಅನಾಹತ, ಕಂಠದ ವಿಶುದ್ಧಿ, ಹುಬ್ಬುಗಳ ನಡುವಿನ ಆಜ್ಞಾ, ನೆತ್ತಿಯ ಸಹಸ್ರಾರ ಎಂದು ಇಂದು ಎಲ್ಲೆಡೆ ಕಾಣುವ ಕ್ರಮ ಬಹುಮಟ್ಟಿಗೆ ಬಂಗಾಳದ ಪೂರ್ಣಾನಂದರು 1577ರಲ್ಲಿ ಬರೆದ ಷಟ್ಚಕ್ರನಿರೂಪಣದ್ದು. ಕಲ್ಕತ್ತೆಯ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದ ಜಾನ್ ವುಡ್ರಾಫ್ 1919ರಲ್ಲಿ ಅದನ್ನು ಇಂಗ್ಲಿಷಿಗೆ ತಂದ ಮೇಲೆ ಅದು ಜಗತ್ತಿನಾದ್ಯಂತ ಹರಡಿತು. ನಮ್ಮ ಮನೆಗಳಲ್ಲಿ ಪಾರಾಯಣ ಮಾಡುವ ಸೌಂದರ್ಯಲಹರಿಯ ಒಂಬತ್ತನೆಯ ಶ್ಲೋಕವನ್ನು ಬಿಡಿಸಿ ನೋಡಿದರೆ ಮಣಿಪೂರದಲ್ಲಿ ಜಲವೂ ಸ್ವಾಧಿಷ್ಠಾನದಲ್ಲಿ ಅಗ್ನಿಯೂ ಇವೆ. ಷಟ್ಚಕ್ರನಿರೂಪಣದಲ್ಲಿ ಇದು ಅದಲು ಬದಲು. ವೀರಶೈವ ಪರಂಪರೆಯ ಷಟ್‌ಸ್ಥಲವಂತೂ ಇದೇ ಆರು ನೆಲೆಗಳಲ್ಲಿ ಆಚಾರಲಿಂಗದಿಂದ ಮಹಾಲಿಂಗದವರೆಗಿನ ಆರು ಲಿಂಗಗಳನ್ನು ಇರಿಸಿ, ಭಕ್ತನಿಂದ ಐಕ್ಯನವರೆಗಿನ ನಡಿಗೆಯನ್ನು ಹೇಳುತ್ತದೆ. ಇಷ್ಟು ಭೇದಗಳಿರುವಾಗ "ಇದೊಂದೇ ಸರಿ" ಎಂದು ಪಾಠ ಹೇಳುವುದು ತಪ್ಪು. ನಾನು ಇಂಥ ಗ್ರಂಥದ ಕ್ರಮವನ್ನು ಅನುಸರಿಸುತ್ತಿದ್ದೇನೆ ಎಂದು ಮೊದಲ ದಿನವೇ ಹೇಳಿಬಿಡುವುದು ಒಳ್ಳೆಯದು.

ಬಣ್ಣಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಕೆಂಪಿನಿಂದ ನೇರಳೆಯವರೆಗೆ ಕಾಮನಬಿಲ್ಲಿನ ಬಣ್ಣಗಳನ್ನು ಏಳು ಚಕ್ರಗಳಿಗೆ ಹಂಚುವುದು ಇಪ್ಪತ್ತನೆಯ ಶತಮಾನದಲ್ಲಿ ಪಶ್ಚಿಮದ ಬರಹಗಾರರಿಂದ ಬಂದ ರೂಢಿ. ಪೂರ್ಣಾನಂದರ ಗ್ರಂಥದಲ್ಲಿ ಮಣಿಪೂರವೆಂಬ ಕಮಲದ ಹತ್ತು ದಳಗಳಿಗೆ ತುಂಬಿದ ಮಳೆಮೋಡದ ಬಣ್ಣ. ಅನಾಹತದ ದಳಗಳಿಗೆ ಹಸಿರಲ್ಲ, ಬಂಧೂಕ ಹೂವಿನ ಕೆಂಪು. ಆಷಾಢದ ಮೋಡ ಘಟ್ಟಕ್ಕೆ ಬಂದು ತಾಗುವುದನ್ನು ವರ್ಷವರ್ಷವೂ ನೋಡುವ ನಮ್ಮ ಜನರಿಗೆ ಆ ಮೋಡದ ನಡುವೆ ಉರಿಯುವ ಕೆಂಪು ತ್ರಿಕೋನದ ಚಿತ್ರ ಅಂಗಡಿಯ ಪಟದ ಹಳದಿ ಬಣ್ಣಕ್ಕಿಂತ ಬೇಗ ಮನಸ್ಸಿನಲ್ಲಿ ನಿಲ್ಲುತ್ತದೆ.

ಚಕ್ರವು ಶರೀರವನ್ನು ಬಿಡಿಸಿ ನೋಡಿದರೆ ಸಿಗುವ ಅಂಗವಲ್ಲ ಎಂಬುದನ್ನೂ ಸಂಕೋಚವಿಲ್ಲದೆ ಹೇಳಬೇಕು. ನರಜಾಲಗಳೊಂದಿಗೆ, ಗ್ರಂಥಿಗಳೊಂದಿಗೆ ಅವುಗಳನ್ನು ಹೊಂದಿಸುವುದು ಆಧುನಿಕರ ಊಹೆ. ಹಾಗೆಂದ ಮಾತ್ರಕ್ಕೆ ಚಕ್ರಧಾರಣೆ ವ್ಯರ್ಥವಾಗುವುದಿಲ್ಲ. ಹುಬ್ಬುಗಳ ನಡುವೆ ಹತ್ತು ನಿಮಿಷ ಗಮನ ನಿಲ್ಲಿಸಿದವರಿಗೆ ಅದರ ಫಲ ತಾನಾಗಿ ತಿಳಿಯುತ್ತದೆ.

ಕಾಲ ಮತ್ತು ಅವಧಿ

ಒಂದೇ ತರಗತಿಯಲ್ಲಿ ಏಳೂ ಚಕ್ರಗಳನ್ನು ಮುಗಿಸುವ ಪಾಠದಿಂದ ಸಾಧಕರಿಗೆ ಹೆಸರುಗಳ ಪಟ್ಟಿ ಮಾತ್ರ ಸಿಗುತ್ತದೆ. ನಾನು ಮೂಲಾಧಾರಕ್ಕೆ ಮೂರು ವಾರ, ಆಮೇಲಿನ ಐದಕ್ಕೆ ಎರಡೆರಡು ವಾರ, ಸಹಸ್ರಾರಕ್ಕೆ ಒಂದು ವಾರ, ಹೀಗೆ ಒಟ್ಟು 14 ವಾರಗಳನ್ನು ಇಟ್ಟುಕೊಳ್ಳುತ್ತೇನೆ. ಘಟ್ಟದ ಮೇಲೆ ಅಡಿಕೆಯ ಕೊನೆಕೊಯ್ಲು ಆರಂಭವಾದರೆ ತರಗತಿಗೆ ಬರುವವರು ಕಡಿಮೆಯಾಗುವುದರಿಂದ ಜೂನ್ ಕೊನೆಗೆ ಹಿಡಿದು ನವರಾತ್ರಿಯ ಹೊತ್ತಿಗೆ ಮುಗಿಸುವುದು ಅನುಕೂಲ. ಘಟ್ಟದ ಕೆಳಗೆ, ಕಾರವಾರ ಮತ್ತು ಅಂಕೋಲೆಯ ಮೀನುಗಾರ ಕುಟುಂಬಗಳಿಗೆ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಯಾಂತ್ರಿಕ ಮೀನುಗಾರಿಕೆಯ ನಿಷೇಧದ ಅವಧಿಯೇ ಬಿಡುವಿನ ಕಾಲ. ಆ ಸುಮಾರು ಒಂಬತ್ತು ವಾರಗಳಲ್ಲಿ ಅನಾಹತದವರೆಗೆ ಸಾವಕಾಶವಾಗಿ ಬಂದು, ಉಳಿದದ್ದನ್ನು ವಾರಕ್ಕೊಂದು ತರಗತಿಯಾಗಿ ಮುಂದುವರಿಸಬಹುದು. ಮಳೆಗಾಲದಲ್ಲಿ ನೆಲ ತೇವ ಹಿಡಿಯುವುದರಿಂದ ಚಾಪೆಯ ಕೆಳಗೆ ದಪ್ಪನೆಯ ಜಮಖಾನೆ ಹಾಸುವುದನ್ನು ಮರೆಯಬಾರದು.

ಒಂದು ಗಂಟೆಯ ತರಗತಿಯಲ್ಲಿ ಸುಮ್ಮನೆ ಕೂರುವುದಕ್ಕೆ ಐದು ನಿಮಿಷ, ಆಸನಗಳಿಗೆ 25, ಪ್ರಾಣಾಯಾಮಕ್ಕೆ ಹತ್ತು, ಧಾರಣೆಗೆ ಹತ್ತು, ಶವಾಸನಕ್ಕೆ ಹತ್ತು ನಿಮಿಷ ಸಾಕು. ಧಾರಣೆಯ ಹತ್ತು ನಿಮಿಷವೇ ಚಕ್ರದ ಪಾಠ. ಉಳಿದದ್ದು ಅದಕ್ಕೆ ಶರೀರವನ್ನು ಅಣಿಗೊಳಿಸುವ ಕೆಲಸ.

ಮೊದಲ ದಿನ ಕೇಳಬೇಕಾದ ಪ್ರಶ್ನೆಗಳು

ಈ ಭಾಗವನ್ನು ನಾನು ನೋವಿನಿಂದ ಕಲಿತಿದ್ದೇನೆ. ಕಲಿಸಲು ಆರಂಭಿಸಿದ ಹೊಸದರಲ್ಲಿ ಮಣಿಪೂರದ ಪಾಠವೆಂದು ಇಡೀ ತರಗತಿಗೆ ಹೊಟ್ಟೆಯನ್ನು ಒಳಕ್ಕೆಳೆದು ಉಸಿರನ್ನು ಹೊರದೂಡುವ ರಭಸದ ಕಪಾಲಭಾತಿ ಮಾಡಿಸುತ್ತಿದ್ದಾಗ ಹಿರಿಯರೊಬ್ಬರು ತಲೆಸುತ್ತಿ ಗೋಡೆಗೆ ಒರಗಿದರು. ಅವರಿಗೆ ರಕ್ತದೊತ್ತಡ ಹೆಚ್ಚಿದ್ದು ನನಗೆ ಗೊತ್ತಿರಲಿಲ್ಲ, ಏಕೆಂದರೆ ನಾನು ಕೇಳಿರಲಿಲ್ಲ. ಅಂದಿನಿಂದ ಮೊದಲ ದಿನವೇ ಪ್ರತಿಯೊಬ್ಬರನ್ನೂ ಪಕ್ಕಕ್ಕೆ ಕರೆದು ರಕ್ತದೊತ್ತಡ, ಹೃದ್ರೋಗ, ಸಕ್ಕರೆ ಕಾಯಿಲೆ, ಹರ್ನಿಯಾ, ಕಣ್ಣಿನ ಒತ್ತಡ ಅಂದರೆ ಗ್ಲಾಕೋಮಾ, ಅಪಸ್ಮಾರ, ಇತ್ತೀಚಿನ ಶಸ್ತ್ರಚಿಕಿತ್ಸೆ, ಬಸಿರು, ಮಾನಸಿಕ ಕಾಯಿಲೆಗೆ ತೆಗೆದುಕೊಳ್ಳುತ್ತಿರುವ ಮಾತ್ರೆ ಇವುಗಳ ಬಗ್ಗೆ ವಿಚಾರಿಸಿ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಹೆಚ್ಚಿನ ರಕ್ತದೊತ್ತಡ, ಹೃದ್ರೋಗ, ಹರ್ನಿಯಾ ಇರುವವರಿಗೂ ಗರ್ಭಿಣಿಯರಿಗೂ ಕಪಾಲಭಾತಿ ಮತ್ತು ಹೊಟ್ಟೆಯನ್ನು ಒಳಕ್ಕೆಳೆದು ಹಿಡಿಯುವ ಉಡ್ಡಿಯಾನ ಬಂಧ ಸಲ್ಲದು. ಗ್ಲಾಕೋಮಾ ಇರುವವರಿಗೆ ಸರ್ವಾಂಗಾಸನ, ಶೀರ್ಷಾಸನಗಳು ಬೇಡ. ತೆಗೆದುಕೊಳ್ಳುತ್ತಿರುವ ಮಾತ್ರೆಯನ್ನು ನಮ್ಮ ಮಾತಿನ ಮೇಲೆ ಯಾರೂ ನಿಲ್ಲಿಸಬಾರದೆಂದು ಅದೇ ದಿನ ಸ್ಪಷ್ಟಪಡಿಸಬೇಕು.

ಮೂಲಾಧಾರ: ಮೂರು ವಾರಗಳ ನೆಲಗಟ್ಟು

ನಾಲ್ಕು ದಳ, ಪೃಥ್ವಿತತ್ತ್ವ, ಹಳದಿ ಚೌಕ, ಲಂ ಬೀಜ ಅಂದರೆ ಆ ಚಕ್ರದ ಮಂತ್ರಾಕ್ಷರ. ಇದನ್ನು ಹೇಳುವ ಮುನ್ನ ನಿಲ್ಲುವುದನ್ನು ಕಲಿಸಬೇಕು. ತಾಡಾಸನದಲ್ಲಿ ನಿಲ್ಲಿಸಿ ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ, ಹಿಮ್ಮಡಿಯ ಒಳಬದಿ, ಹೊರಬದಿ ಹೀಗೆ ಪಾದದ ನಾಲ್ಕು ಮೂಲೆಗಳಲ್ಲಿ ಭಾರ ಎಲ್ಲಿ ಹೆಚ್ಚಿದೆ ಎಂದು ಅವರೇ ಕಂಡುಕೊಳ್ಳಲಿ. ಚಪ್ಪಲಿಯ ಯಾವ ಬದಿ ಸವೆದಿದೆ ಎಂದು ನೋಡಿ ಬರಲು ಹೇಳಿದರೆ ಮರುದಿನ ಎಲ್ಲರೂ ಆಸಕ್ತಿಯಿಂದ ಮಾತನಾಡುತ್ತಾರೆ. ಆಮೇಲೆ ವೃಕ್ಷಾಸನ, ವೀರಭದ್ರಾಸನ; ಮೊಣಕಾಲು ಒಪ್ಪುವವರಿಗೆ ಮಲಾಸನ. ಮೊಣಕಾಲು ನೋವಿನವರು ಗೋಡೆಗೆ ಒತ್ತಿಟ್ಟ ಕುರ್ಚಿಯಲ್ಲಿ ಕುಳಿತು ಎರಡೂ ಪಾದಗಳನ್ನು ನೆಲಕ್ಕೆ ಪೂರ್ತಿ ಊರಿದರೆ ಸಾಕು.

ಧಾರಣೆಗೆ ಕುಳಿತಾಗ ನೆಲಕ್ಕೆ ತಾಗುವ ಎರಡು ಎಲುಬುಗಳಿಂದ ಆರಂಭಿಸಬೇಕು. ಎರಡರ ಮೇಲೂ ಭಾರ ಸಮನಾಗಿದೆಯೇ ಎಂದು ನೋಡಿಕೊಂಡು, ಅವುಗಳ ನಡುವಿನ ಸ್ಥಳಕ್ಕೆ ಗಮನ ತಂದು, ಅಲ್ಲಿ ಹಳದಿ ಚೌಕವನ್ನು ನೆನೆಯಲಿ. ಮೆಟ್ಟುಗತ್ತಿಯ ಮಣೆಯ ಮೇಲೆ ಒಂದೇ ಮಗ್ಗುಲಿಗೆ ವಾಲಿ ಕೂರುವ ರೂಢಿಯಿರುವವರಿಗೆ ಈ ಹತ್ತು ನಿಮಿಷದಲ್ಲಿ ತಮ್ಮ ಸೊಂಟನೋವಿನ ಒಂದು ಕಾರಣವೇ ಕಣ್ಣಿಗೆ ಬೀಳುತ್ತದೆ. ನಮ್ಮ ತರಗತಿಯ ಒಬ್ಬ ಅಕ್ಕ ಮೂರನೆಯ ವಾರದ ಹೊತ್ತಿಗೆ ಮನೆಯ ಮಣೆಯ ಒಂದು ಬದಿಗೆ ಗೋಣಿಚೀಲ ಮಡಚಿ ಇಟ್ಟುಕೊಂಡು, ಅರ್ಧ ಗಂಟೆಗೊಮ್ಮೆ ಎದ್ದು ಅಂಗಳದಲ್ಲಿ ನಾಲ್ಕು ಹೆಜ್ಜೆ ತಿರುಗಾಡಲು ಆರಂಭಿಸಿದರು. ಬಹುದಿನಗಳ ಸೊಂಟನೋವಿಗೆ ಯೋಗಾಭ್ಯಾಸ ಸ್ವಲ್ಪಮಟ್ಟಿಗೆ ನೆರವಾಗುತ್ತದೆ ಎಂಬುದಕ್ಕೆ ಸಂಶೋಧನೆಯ ಆಧಾರವೂ ಇದೆ. ಆದರೆ ನೋವು ಕಾಲಿಗೆ ಇಳಿಯುತ್ತಿದ್ದರೆ, ಕಾಲು ಜೋಮು ಹಿಡಿಯುತ್ತಿದ್ದರೆ, ಮೂತ್ರ ಹಿಡಿತ ತಪ್ಪುತ್ತಿದ್ದರೆ ಚಾಪೆ ಹಾಸದೆ ಮೊದಲು ವೈದ್ಯರಲ್ಲಿಗೆ ಕಳುಹಿಸಬೇಕು.

ಸ್ವಾಧಿಷ್ಠಾನ ಮತ್ತು ಮಣಿಪೂರ

ಸ್ವಾಧಿಷ್ಠಾನಕ್ಕೆ ಆರು ದಳ, ಜಲತತ್ತ್ವ, ಬಿಳಿಯ ಅರ್ಧಚಂದ್ರ, ವಂ ಬೀಜ. ಬದ್ಧಕೋಣಾಸನ, ಮಾರ್ಜಾಲಾಸನ, ಸೊಂಟವನ್ನು ನಿಧಾನವಾಗಿ ಸುತ್ತುವ ಚಲನೆಗಳು ಇಲ್ಲಿ ಹೊಂದುತ್ತವೆ. ಕಿಬ್ಬೊಟ್ಟೆಯ ಮೇಲೆ ಅಂಗೈಯಿಟ್ಟು ಉಸಿರಿನ ಏರಿಳಿತವನ್ನು ನೋಡುವುದೇ ಧಾರಣೆ. ಈ ಚಕ್ರವನ್ನು ಕಾಮಕ್ಕೆ, ಸಂತಾನಕ್ಕೆ ಕಟ್ಟಿ ಮಾತನಾಡುವ ರೂಢಿ ಇತ್ತೀಚೆಗೆ ಹೆಚ್ಚಿದೆ. ಹೆಂಗಸರು ಗಂಡಸರು ಕೂಡಿ ಕೂರುವ ಹಳ್ಳಿಯ ತರಗತಿಯಲ್ಲಿ ಆ ಮಾತಿನ ಅಗತ್ಯವಿಲ್ಲ. ಮಕ್ಕಳಾಗದ ದುಃಖದಲ್ಲಿರುವವರ ಮುಂದೆ ಅದು ಕ್ರೌರ್ಯವೂ ಆಗುತ್ತದೆ. ಸಾಧ್ಯವಾದರೆ ಮಳೆ ನಿಂತ ಮೇಲೆ ಒಂದು ದಿನ ಶಾಲ್ಮಲೆಯ ದಡದಲ್ಲಿ, ಸಹಸ್ರಲಿಂಗದ ಕಲ್ಲುಗಳ ನಡುವೆ ನೀರು ಹಾದುಹೋಗುವ ಸದ್ದನ್ನು ಕೇಳುತ್ತ ಈ ಧಾರಣೆಯನ್ನು ಮತ್ತೊಮ್ಮೆ ಮಾಡಿಸಬಹುದು.

ಮಣಿಪೂರದಲ್ಲಿ ಬೀಜ ರಂ, ತತ್ತ್ವ ಅಗ್ನಿ. ಕಪಾಲಭಾತಿ ಮಾಡಬಲ್ಲವರಿಗೆ 20 ಉಸಿರಿನಂತೆ ಎರಡು ಸುತ್ತು ಸಾಕು. ಮಾಡಬಾರದವರು ಅದೇ ಹೊತ್ತಿನಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟು ನಿಧಾನ ಉಸಿರಾಡಲಿ. ಇವರನ್ನು ಹಿಂದಿನ ಸಾಲಿಗೆ ತಳ್ಳದೆ ಎರಡೂ ಗುಂಪಿನವರಿಗೆ ಒಂದೇ ಧ್ವನಿಯಲ್ಲಿ ಸೂಚನೆ ಕೊಡಬೇಕು. ನಾವಾಸನ, ಧನುರಾಸನಗಳನ್ನು ಬೆಳಗಿನ ಬರಿಹೊಟ್ಟೆಯಲ್ಲಿಯೇ ಮಾಡಿಸಬೇಕು.

ಅನಾಹತ, ವಿಶುದ್ಧಿ ಮತ್ತು ಅಕ್ಷರಮಾಲೆ

ಚಕ್ರಪಾಠದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು. ಆರು ಚಕ್ರಗಳ ದಳಗಳನ್ನು ಕೂಡಿಸಿ ನೋಡಿ: 4, 6, 10, 12, 16, 2, ಒಟ್ಟು 50. ಇವು ಸಂಸ್ಕೃತ ವರ್ಣಮಾಲೆಯ ಐವತ್ತು ಅಕ್ಷರಗಳು, ಪ್ರತಿ ದಳಕ್ಕೆ ಒಂದರಂತೆ. ವಿಶುದ್ಧಿಯ ಹದಿನಾರು ದಳಗಳಲ್ಲಿ ಅ ಮೊದಲಾಗಿ ಅಃ ಕೊನೆಯಾಗಿ ಹದಿನಾರು ಸ್ವರಗಳು. ಅನಾಹತದ ಹನ್ನೆರಡರಲ್ಲಿ ಕ ಇಂದ ಠ ವರೆಗೆ. ಮಣಿಪೂರದ ಹತ್ತರಲ್ಲಿ ಡ ಇಂದ ಫ ವರೆಗೆ. ಸ್ವಾಧಿಷ್ಠಾನದಲ್ಲಿ ಬ ಇಂದ ಲ ವರೆಗೆ ಆರು. ಮೂಲಾಧಾರದಲ್ಲಿ ವ, ಶ, ಷ, ಸ. ಆಜ್ಞಾದಲ್ಲಿ ಹ ಮತ್ತು ಕ್ಷ. ಒಂದನೆಯ ತರಗತಿಯಲ್ಲಿ ಮರಳಿನ ಮೇಲೆ ಬೆರಳಾಡಿಸಿ ಕಲಿತ ಅಕ್ಷರಗಳೇ ಶರೀರದೊಳಗೆ ಕಂಠದಿಂದ ಕೆಳಕ್ಕೆ ಸಾಲಾಗಿ ಇಳಿದುಹೋಗುತ್ತವೆ ಎಂದು ಹೇಳಿದಾಗ, ಓದು ಅರ್ಧಕ್ಕೇ ಬಿಟ್ಟ ಅಜ್ಜಿಯರ ಮುಖ ಅರಳುವುದನ್ನು ನಾನು ಕಂಡಿದ್ದೇನೆ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಎಂದು ಬೆಳೆದ ಕಾರವಾರದ ಸಾಧಕರಿಗೂ ಅಕ್ಷರಗಳ ಈ ಕ್ರಮ ಹೊಸದಲ್ಲ.

ಇದನ್ನು ಅಭ್ಯಾಸವಾಗಿ ಮಾಡಿಸುವ ಬಗೆ ಹೀಗೆ. ಮೊದಲು ಮೂಲಾಧಾರದಿಂದ ವಿಶುದ್ಧಿಯವರೆಗಿನ ಐದು ಬೀಜಗಳ ಅಕ್ಷರಗಳನ್ನು ಮಾತ್ರ ನಿಧಾನವಾಗಿ ಉಚ್ಚರಿಸಿ, ಪ್ರತಿಯೊಂದೂ ಬಾಯಿಯ ಯಾವ ಸ್ಥಾನದಲ್ಲಿ ಹುಟ್ಟುತ್ತದೆ ಎಂದು ನಾಲಿಗೆಯಿಂದಲೇ ಹುಡುಕಲು ಹೇಳಬೇಕು. ಲ ಹಲ್ಲಿನ ಬುಡದಲ್ಲಿ, ವ ಹಲ್ಲು ಮತ್ತು ತುಟಿಯ ನಡುವೆ, ರ ಮೂರ್ಧದಲ್ಲಿ, ಯ ತಾಲುವಿನಲ್ಲಿ, ಹ ಕಂಠದಲ್ಲಿ. ಎರಡನೆಯ ದಿನ ಬಿಂದುವನ್ನು ಸೇರಿಸಿ ಲಂ, ವಂ, ರಂ, ಯಂ, ಹಂ ಎಂದು ದೀರ್ಘವಾಗಿ ಹೇಳುತ್ತ, ಕೊನೆಯ ಅನುನಾದ ಎಲ್ಲಿ ಕಂಪಿಸುತ್ತದೆ ಎಂದು ಎದೆಯ ಮೇಲೆ, ಕುತ್ತಿಗೆಯ ಮೇಲೆ, ಕೆನ್ನೆಯ ಮೇಲೆ ಕೈಯಿಟ್ಟು ನೋಡಲಿ. ಮೂರನೆಯ ದಿನ ಅದೇ ಅಕ್ಷರಗಳನ್ನು ಸದ್ದಿಲ್ಲದೆ ಆಯಾ ಚಕ್ರದ ಸ್ಥಾನದಲ್ಲಿ ನೆನೆಯುವುದು. ಹೊರಗಿನ ಧ್ವನಿಯಿಂದ ಒಳಗಿನ ನೆನಪಿಗೆ ಹೋಗುವ ಈ ಮೆಟ್ಟಿಲುಗಳನ್ನು ಒಂದೇ ದಿನ ಹತ್ತಿಸಬಾರದು.

ಮಂತ್ರಾಕ್ಷರವನ್ನು ಹೇಳಲು ಮನಸ್ಸೊಪ್ಪದವರೂ ತರಗತಿಗೆ ಬರುತ್ತಾರೆ. ಭಟ್ಕಳ, ಹೊನ್ನಾವರ, ಕಾರವಾರದ ಊರುಗಳಲ್ಲಿ ಬೇರೆ ಬೇರೆ ಧರ್ಮದವರು ಒಂದೇ ಚಾಪೆಯ ಸಾಲಿನಲ್ಲಿ ಕೂರುವುದು ಸಹಜ. ಅವರಿಗೆ ಬಾಯಿ ಮುಚ್ಚಿ ಗುಂಯ್‌ಗುಡುವ ಭ್ರಾಮರಿ ಸಾಕು, ಅದರಲ್ಲಿ ಯಾವ ಕೊರತೆಯೂ ಇಲ್ಲ. ಗುಂಯ್‌ಗುಡುತ್ತ ಉಸಿರು ಬಿಟ್ಟಾಗ ಮೂಗಿನಿಂದ ಹೊರಬರುವ ನೈಟ್ರಿಕ್ ಆಕ್ಸೈಡ್, ಸುಮ್ಮನೆ ಬಿಟ್ಟಾಗಿನದಕ್ಕಿಂತ ಸುಮಾರು 15 ಪಟ್ಟು ಹೆಚ್ಚುತ್ತದೆ ಎಂದು ಸ್ವೀಡನ್ನಿನ ಸಂಶೋಧಕರು 2002ರಲ್ಲಿ ಅಳೆದು ಪ್ರಕಟಿಸಿದ್ದಾರೆ. ಅದು ಮೂಗು ಮತ್ತು ಅದರ ಸುತ್ತಲಿನ ಎಲುಬಿನ ಪೊಳ್ಳುಗಳಲ್ಲಿ ಗಾಳಿಯಾಡುವುದಕ್ಕೆ ಸಂಬಂಧಿಸಿದ ವಿಷಯ. ವಿಶುದ್ಧಿಚಕ್ರಕ್ಕೆ ಸಾಕ್ಷಿಯೆಂದು ಅದನ್ನು ಎಳೆದು ತರಬಾರದು.

ಆಸನಗಳಲ್ಲಿ ಅನಾಹತಕ್ಕೆ ಭುಜಂಗಾಸನ, ಉಷ್ಟ್ರಾಸನ, ಬೆನ್ನಿನ ಕೆಳಗೆ ಸುತ್ತಿದ ಕಂಬಳಿಯಿಟ್ಟು ಎದೆ ತೆರೆದು ಮಲಗುವುದು. ವಿಶುದ್ಧಿಗೆ ಸೇತುಬಂಧಾಸನ, ಮತ್ಸ್ಯಾಸನ. ಸರ್ವಾಂಗಾಸನವನ್ನು ಎಲ್ಲರಿಗೂ ಕೂಡಿ ಮಾಡಿಸುವ ಪದ್ಧತಿಯನ್ನು ನಾನು ಬಿಟ್ಟಿದ್ದೇನೆ. ಪ್ರಾಣಾಯಾಮದಲ್ಲಿ ನಿಮಿಷಕ್ಕೆ ಸುಮಾರು ಆರು ಉಸಿರಿನ ನಿಧಾನಗತಿಗೆ ಎರಡು ವಾರಗಳಲ್ಲಿ ತಲುಪಿದರೆ ಒಳ್ಳೆಯದು, ಒತ್ತಾಯ ಬೇಡ.

ಆಜ್ಞಾ ಮತ್ತು ಸಹಸ್ರಾರ

ಆಜ್ಞಾಚಕ್ರಕ್ಕೆ ತ್ರಾಟಕ ಒಂದೇ ಸಾಕು. ಎಣ್ಣೆಯ ದೀಪವನ್ನು ಕಣ್ಣಿನ ಮಟ್ಟದಲ್ಲಿ ಒಂದು ತೋಳಿನ ದೂರಕ್ಕಿಂತ ಸ್ವಲ್ಪ ಹೆಚ್ಚು ಅಂತರದಲ್ಲಿಟ್ಟು, ಗಾಳಿ ಬರುವ ಕಿಟಕಿ ಮುಚ್ಚಿ, ಕಣ್ಣಲ್ಲಿ ನೀರು ಬರುವ ಮೊದಲೇ ಮುಚ್ಚಿಕೊಂಡು ಜ್ವಾಲೆಯ ನೆರಳನ್ನು ಹುಬ್ಬುಗಳ ನಡುವೆ ನೋಡುವುದು. ಅಪಸ್ಮಾರ ಇರುವವರಿಗೆ ಅಲುಗಾಡುವ ದೀಪ ಬೇಡ. ಮೂಲಾಧಾರದಲ್ಲಿ ಮಲಗಿದೆಯೆಂದು ಗ್ರಂಥಗಳು ಹೇಳುವ ಶಕ್ತಿಯಾದ ಕುಂಡಲಿನಿಯನ್ನು ಎಬ್ಬಿಸುತ್ತೇನೆಂಬ ಭರವಸೆಯನ್ನು ಯಾವ ಶಿಕ್ಷಕರೂ ತರಗತಿಯಲ್ಲಿ ಕೊಡಬಾರದು. ದೀರ್ಘ ಕುಂಭಕ ಅಂದರೆ ಉಸಿರು ಹಿಡಿದಿಡುವುದು, ನಿದ್ದೆಗೆಟ್ಟ ಸಾಧನೆ, ಉಪವಾಸ ಇವು ಕೂಡಿದಾಗ ಕೆಲವರ ಮನಸ್ಸು ಕದಡುತ್ತದೆ. ಹಿಂದೆ ಮಾನಸಿಕ ಕಾಯಿಲೆ ಬಂದವರಲ್ಲಿ ಅಪಾಯ ಹೆಚ್ಚು. ಸಾಧಕರು ನಿದ್ದೆ ಬಿಟ್ಟರೆ, ಇಲ್ಲದ ಧ್ವನಿ ಕೇಳುತ್ತಿದೆ ಎಂದರೆ, ಅದನ್ನು ಸಿದ್ಧಿಯೆಂದು ಹೊಗಳದೆ ಅಭ್ಯಾಸ ನಿಲ್ಲಿಸಿ, ಮನೆಯವರೊಂದಿಗೆ ಮಾತನಾಡಿ, ಮನೋವೈದ್ಯರನ್ನು ಕಾಣಿಸಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ತರಗತಿಯ ಬಾಗಿಲ ಬಳಿ ಬರೆದು ಅಂಟಿಸಿಡಿ.

ಆರೈಕೆಗೆ ಬಂದವರೊಂದಿಗೆ

ತರಗತಿಯ ಹೊರಗೆ ಒಬ್ಬೊಬ್ಬರಾಗಿ ನೆರವು ಕೇಳಿ ಬರುವವರೊಂದಿಗೆ ಹೊಣೆ ದೊಡ್ಡದು. ನಾನು ಇದಕ್ಕೆ ಚಿಕಿತ್ಸೆ ಎನ್ನದೆ ಸಮಗ್ರ ಆರೈಕೆ ಎನ್ನುತ್ತೇನೆ. ಗಂಟಲಲ್ಲಿ ಊತವಿದ್ದ ಒಬ್ಬ ಹೆಣ್ಣುಮಗಳಿಗೆ ಎಲ್ಲಿಯೋ ಒಂದು ಕಡೆ "ನಿಮ್ಮ ವಿಶುದ್ಧಿ ಮುಚ್ಚಿದೆ, ಮನಸ್ಸಿನ ಮಾತನ್ನು ನುಂಗಿಕೊಂಡಿದ್ದೀರಿ" ಎಂದು ಹೇಳಿದ್ದರು. ಆಕೆ ತಿಂಗಳುಗಟ್ಟಲೆ ಹಂ ಬೀಜವನ್ನು ಜಪಿಸುತ್ತ, ಊತ ಕರಗದಿದ್ದಾಗ ತನ್ನಲ್ಲೇ ದೋಷವಿದೆಯೆಂದು ಅಳುತ್ತ ನನ್ನಲ್ಲಿಗೆ ಬಂದಳು. ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಕಾಯಿಲೆ ಗೊತ್ತಾಗಿ ಮಾತ್ರೆ ಆರಂಭವಾಯಿತು. ಕಾಯಿಲೆಯ ಜೊತೆಗೆ ಅಪರಾಧಿ ಭಾವವನ್ನೂ ಹೊರಿಸಿದ ಆ ಮಾತನ್ನು ನೆನೆದರೆ ಇಂದಿಗೂ ನನಗೆ ಸಂಕಟವಾಗುತ್ತದೆ.

ಆದುದರಿಂದ ಆರೈಕೆಯ ಭೇಟಿಯನ್ನು ಹೀಗೆ ನಡೆಸಬೇಕು. ಬಂದವರು ಹೇಳುವುದನ್ನು ಅರ್ಧ ಗಂಟೆ ನಡುವೆ ಬಾಯಿ ಹಾಕದೆ ಕೇಳಿ, ವೈದ್ಯರಿಗೆ ತೋರಿಸಿದ್ದಾರೆಯೇ ಎಂದು ವಿಚಾರಿಸಿ, ತೋರಿಸದಿದ್ದರೆ ಅಭ್ಯಾಸವನ್ನು ಅಲ್ಲಿಗೇ ತಡೆಹಿಡಿದು ಮೊದಲು ಆಸ್ಪತ್ರೆಗೆ ಕಳುಹಿಸಬೇಕು. ತೋರಿಸಿದ್ದರೆ, ಆ ಚಿಕಿತ್ಸೆಯ ಜೊತೆಗೆ ಮಾಡಬಹುದಾದ ಒಂದೇ ಒಂದು ಧಾರಣೆಯನ್ನು ಆರಿಸಿಕೊಡಬೇಕು. ಆರಿಸುವಾಗ ರೋಗದ ಸ್ಥಾನವನ್ನು ನೋಡದೆ, ಆ ವ್ಯಕ್ತಿಗೆ ಗಮನ ನಿಲ್ಲಿಸಲು ಎಲ್ಲಿ ಸುಲಭ ಮತ್ತು ಹಿತ ಎಂಬುದನ್ನು ನೋಡಬೇಕು. ಹೆರಿಗೆಯ ನಂತರ, ಸಾವಿನ ದುಃಖದಲ್ಲಿ, ಆತಂಕದಲ್ಲಿ ಇರುವ ಹಲವರಿಗೆ ಎದೆಯ ಮೇಲಿನ ಧಾರಣೆ ಉಸಿರು ಕಟ್ಟಿಸಿದಂತಾಗುತ್ತದೆ. ಅವರಿಗೆ ಮೂಲಾಧಾರವೇ ಮೇಲು, ಪಾದ ನೆಲಕ್ಕೆ ತಾಗಿರಲಿ, ಕಣ್ಣು ತೆರೆದಿರಲಿ. ಮೈ ಮುಟ್ಟುವ ಮೊದಲು ಪ್ರತಿ ಸಲವೂ ಕೇಳಬೇಕು. ಚಕ್ರಕ್ಕೊಂದು ಬಣ್ಣದ ಆಹಾರ, ಹರಳು ಎಂದು ಮಾರುವ ಕೆಲಸಕ್ಕೆ ಕೈ ಹಾಕಬಾರದು. ಊಟದ ಬಗ್ಗೆ ಕೇಳಿದರೆ ಒಂದೆಲಗದ ತಂಬುಳಿಯನ್ನೋ ಮುರುಗಲ ಹಣ್ಣಿನ ಪಾನಕವನ್ನೋ ರುಚಿಗೆಂದು ಸೂಚಿಸಬಹುದು, ಔಷಧವೆಂದು ಅಲ್ಲ.

ಫಲಕ ಬರೆಸುವ ಮುನ್ನ ಕಾನೂನನ್ನೂ ತಿಳಿದಿರಬೇಕು. ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತುಗಳನ್ನು ತಡೆಯುವ 1954ರ ಕೇಂದ್ರ ಕಾಯ್ದೆಯ ಪ್ರಕಾರ ಸಕ್ಕರೆ ಕಾಯಿಲೆ, ಕ್ಯಾನ್ಸರ್, ರಕ್ತದೊತ್ತಡದಂಥ ಪಟ್ಟಿ ಮಾಡಿದ ರೋಗಗಳನ್ನು ಗುಣಪಡಿಸುವುದಾಗಿ ಜಾಹೀರಾತು ಕೊಡುವುದು ಅಪರಾಧ. ಆ ಕಾಯ್ದೆಯ ಮಾಂತ್ರಿಕ ಪರಿಹಾರದ ವ್ಯಾಖ್ಯೆಯೊಳಗೆ ಮಂತ್ರ ಮತ್ತು ಕವಚಗಳೂ ಬರುತ್ತವೆ. "ಚಕ್ರಚಿಕಿತ್ಸೆಯಿಂದ ಮಧುಮೇಹ ಮಾಯ" ಎಂಬ ಬರಹ ಸುಳ್ಳೂ ಹೌದು, ಶಿಕ್ಷಾರ್ಹವೂ ಹೌದು.

ಕೊನೆಯ ವಾರ

ಸಹಸ್ರಾರದ ವಾರದಲ್ಲಿ ಹೊಸ ಆಸನ ಯಾವುದೂ ಇಲ್ಲ. ಮೂಲಾಧಾರದಿಂದ ಆರಂಭಿಸಿ ಪ್ರತಿ ನೆಲೆಯಲ್ಲಿ ಐದೈದು ಉಸಿರು ನಿಂತು, ನೆತ್ತಿಯವರೆಗೆ ಗಮನವನ್ನು ಒಯ್ದು, ಅಲ್ಲಿ ಏನನ್ನೂ ನೆನೆಯದೆ ಎರಡು ನಿಮಿಷ ಕೂರಿಸಬೇಕು. ಅನೇಕರು ತರಗತಿಯನ್ನು ಅಲ್ಲಿಗೇ ಮುಗಿಸಿಬಿಡುತ್ತಾರೆ. ಆದರೆ ಗ್ರಂಥದಲ್ಲಿ ಮೇಲೇರಿದ ಶಕ್ತಿ ಬಂದ ದಾರಿಯಲ್ಲಿಯೇ ಮರಳಿ ಮೂಲಾಧಾರಕ್ಕೆ ಇಳಿಯುತ್ತದೆ. ನಾವೂ ಹಾಗೆಯೇ ಹುಬ್ಬಿನ ನಡುವಿಗೆ, ಕಂಠಕ್ಕೆ, ಎದೆಗೆ, ನಾಭಿಗೆ, ಕಿಬ್ಬೊಟ್ಟೆಗೆ, ಕೊನೆಗೆ ನೆಲ ತಾಗುವ ಆ ಎರಡು ಎಲುಬುಗಳಿಗೆ ಇಳಿಸಿ ತರಬೇಕು. ಅಂಗೈಗಳನ್ನು ಉಜ್ಜಿ ಕಣ್ಣಿನ ಮೇಲಿಟ್ಟುಕೊಂಡು, ಕಣ್ಣು ತೆರೆದು, ಕೋಣೆಯಲ್ಲಿ ಯಾರು ಯಾರಿದ್ದಾರೆಂದು ಒಮ್ಮೆ ಸುತ್ತ ನೋಡಲಿ. ಆಮೇಲೆ ಎದ್ದು, ಪಾದದ ನಾಲ್ಕು ಮೂಲೆಗಳ ಮೇಲೆ ನಿಂತು, ತಮ್ಮ ಚಾಪೆಯನ್ನು ತಾವೇ ಸುತ್ತಿ ಗೋಡೆಗೆ ಒರಗಿಸಿ ಮನೆಗೆ ಹೊರಡಲಿ.